ಕೊನೆಯ ಸಾಲಿಗೆ ಹೋಗದ ಟ್ರ್ಯಾಕ್ಟರ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತದ ಮಾತು ನನಗೆ ಆಗಿಬರುವುದಿಲ್ಲ. ಯಾರಾದರೂ ಆ ವಿಷಯ ತೆಗೆದರೆ ಚಹಾ ಅರ್ಧಕ್ಕೆ ಬಿಟ್ಟು ಏಳುವವನು ನಾನು. ವಿಜಯಪುರದ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿ ಅಲ್ಲಿಯೇ ನಿವೃತ್ತನಾದೆ. ಅಷ್ಟು ವರ್ಷಗಳಲ್ಲಿ ಎಷ್ಟೋ ದೆವ್ವಗಳನ್ನು ನಾನೇ ಬಿಚ್ಚಿ ನೋಡಿದ್ದೇನೆ. ಒಂದು ಬಸ್ಸಿನ ಹಾರ್ನ್ ಸ್ಮಶಾನದ ತಿರುವಿಗೆ ಬಂದೊಡನೆ ತಾನೇ ಕೂಗುತ್ತದೆ ಎಂದು ಚಾಲಕರು ಆ ಗಾಡಿ ಹತ್ತಲು ಒಲ್ಲೆ ಎಂದಿದ್ದರು. ಸ್ಟೇರಿಂಗ್ ಬಿಚ್ಚಿದೆ. ಪೂರ್ತಿ ಎಡಕ್ಕೆ ತಿರುಗಿಸಿದಾಗ ಒಂದು ವೈರು ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಹೋಗಿತ್ತು. ಆ ಮಾರ್ಗದಲ್ಲಿ ಅಷ್ಟು ದೊಡ್ಡ ಎಡತಿರುವು ಇದ್ದದ್ದು ಸ್ಮಶಾನದ ಹತ್ತಿರ ಮಾತ್ರ. ಟೇಪು ಸುತ್ತಿದೆ, ದೆವ್ವ ಹೋಯಿತು. ಹೀಗಾಗಿ ಯಾವುದೇ ಗಾಡಿ ವಿಚಿತ್ರವಾಗಿ ಆಡುತ್ತದೆ ಎಂದರೆ ನಾನು ಹೆದರುವ ಬದಲು ಪಕ್ಕಡ, ಸ್ಕ್ರೂಡ್ರೈವರ್ ಹುಡುಕುತ್ತೇನೆ.

ನನ್ನ ಸ್ವಭಾವವನ್ನೂ ಒಂದಿಷ್ಟು ಹೇಳಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೂ ಅದಕ್ಕೂ ಸಂಬಂಧವಿದೆ. ಡಿಪೋದಲ್ಲಿ ನಮಗೆ ಕಲಿಸಿದವರು ಬಹಳ ಕಟ್ಟುನಿಟ್ಟಿನ ಮನುಷ್ಯರು. ತಪಾಸಣೆಯಲ್ಲಿ ಒಂದು ಹಂತ ಬಿಟ್ಟು ಇನ್ನೊಂದಕ್ಕೆ ಹಾರುವ ಹಾಗಿಲ್ಲ. ಕೆಲಸ ಮುಗಿಯುವ ತನಕ ಮಾತಿಲ್ಲ. ಉಪಕರಣವನ್ನು ನೆಲದ ಮೇಲೆ ಇಡುವ ಹಾಗಿಲ್ಲ, ಎಲ್ಲಿಯಾದರೂ ತೂಗುಹಾಕಬೇಕು. ನಿವೃತ್ತನಾದ ಮೇಲೂ ನನ್ನ ದಿನ ಹಾಗೆಯೇ ನಡೆಯುತ್ತದೆ. ಮನೆಯಲ್ಲಿ ಬಚ್ಚಲದ ಚೊಂಬು ಕೂಡ ಮೊಳೆಗೆ ತೂಗುತ್ತದೆ ಎಂದು ಮಕ್ಕಳು ನಗುತ್ತಾರೆ.

ನನ್ನ ತಂಗಿ ಸುಗಲಾಬಾಯಿಯನ್ನು ತಿಕೋಟಾ ಭಾಗದ ಘೋಣಸಗಿಗೆ ಕೊಟ್ಟಿದೆ. ಅವಳ ಗಂಡ ಗೊಲ್ಲಾಳಪ್ಪ ಹುಟ್ಟಿದಾಗಿನಿಂದ ಎತ್ತಿನ ಹಿಂದೆ ನಡೆದ ಮನುಷ್ಯ. ದ್ರಾಕ್ಷಿ ತೋಟ, ನಮ್ಮ ಕಡೆಯ ಮಾತಿನಲ್ಲಿ ಪಡ, ಹಾಕಿದ ಮೇಲೆ ಸಾಲುಗಳ ನಡುವೆ ಔಷಧಿ ಹೊಡೆಯಲು ದೊಡ್ಡ ಟ್ರ್ಯಾಕ್ಟರ್ ಹಿಡಿಸುವುದಿಲ್ಲವೆಂದು ಎತ್ತು ಕೊಟ್ಟು ಸಣ್ಣ ಟ್ರ್ಯಾಕ್ಟರ್ ತಂದ. ಎತ್ತು ಹೋದರೂ ಎತ್ತಿನ ರೂಢಿ ಹೋಗಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸಬೇಕಾದಾಗ ಸ್ಟೇರಿಂಗನ್ನು ಹಗ್ಗದಂತೆ ತನ್ನ ಕಡೆ ಜಗ್ಗಿ, ಮೈ ಹಿಂದಕ್ಕೆ ಹಾಕಿ, ಉದ್ದಕ್ಕೆ ‘ಹೋ…’ ಎನ್ನುತ್ತಿದ್ದ. ಆಮೇಲೆ ಕೀ ತಿರುಗಿಸುತ್ತಿದ್ದ. ಸುಗಲಾ ಚೇಷ್ಟೆ ಮಾಡುತ್ತಿದ್ದಳು: “ಸಂಜಿಗೆ ಅದಕ್ಕ ಕಣಕಿನೂ ಹಾಕ್ರಿ. ಮೈ ತೊಳದು ದನದ ಮನ್ಯಾಗ ಕಟ್ರಿ.” ಅವನು ನಗುತ್ತಿದ್ದ, ಮರುದಿನ ಮತ್ತೆ ‘ಹೋ’ ಎನ್ನುತ್ತಿದ್ದ.

ಅವನು ತೀರಿಕೊಂಡದ್ದು ಆ ಪಡದಲ್ಲೇ. ಬಳ್ಳಿ ಸವರುವ ಚಾಟ್ನಿ ಮುಗಿದು ಚಿಗುರು ಒಡೆದಿತ್ತು. ಮೋಡ ಕಟ್ಟಿ ಜಿಟಿಜಿಟಿ ಮಳೆ ಹಿಡಿದಿತ್ತು. ಸಂಜೆ ಔಷಧಿ ಹೊಡೆಯಲು ಹೋದವನು ಬರಲಿಲ್ಲವೆಂದು ಸುಗಲಾ ಹೋಗಿ ನೋಡಿದಾಗ ಕೊನೆಯ ಸಾಲಿನ ಬಾಯಲ್ಲಿ, ಮೊದಲ ಕಂಬದ ಬುಡದಲ್ಲಿ ಬಿದ್ದಿದ್ದ. ಟ್ರ್ಯಾಕ್ಟರ್ ಸ್ವಲ್ಪ ಈಚೆ ಬಂದಾಗಿ ನಿಂತಿತ್ತು. ಬಿ.ಪಿ. ಗುಳಿಗೆ ತೆಗೆದುಕೊಳ್ಳುತ್ತಿದ್ದವನು, ವೈದ್ಯರು ಹೃದಯಾಘಾತ ಎಂದರು. ನಾವೂ ಹಾಗೆಯೇ ತಿಳಿದೆವು. ಅದೇ ದಿನ ಆ ಕಡೆಯ ಬೋರಿನ ಮೋಟಾರ್ ಕೂಡ ಸುಟ್ಟಿತ್ತಂತೆ. ಸಾವಿನ ಮನೆಯಲ್ಲಿ ಮೋಟಾರ್ ಯಾರು ಕೇಳುತ್ತಾರೆ? ಬೋರು ಹಾಗೆಯೇ ಬಂದಾಗಿ ಉಳಿಯಿತು.

ಸುಗಲಾ ಅಳುತ್ತ ಕೂಡಲಿಲ್ಲ. ಆ ಬೇಸಿಗೆಯಲ್ಲೇ ಟ್ರ್ಯಾಕ್ಟರ್ ನಡೆಸುವುದನ್ನು ಕಲಿತಳು. ತಲೆಗೆ ಟವೆಲ್ ಸುತ್ತಿ, ಸೀರೆ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಾನೇ ಪಡ ನೋಡಿಕೊಂಡಳು.

ನಾನು ಹೇಳಬೇಕಾದದ್ದು ಅದರ ಮರುವರ್ಷದ್ದು. ಮತ್ತೆ ಚಾಟ್ನಿ ಮುಗಿದಿತ್ತು, ಮತ್ತೆ ಮೋಡ. ಬೆಳಿಗ್ಗೆ ಅವಳ ಫೋನ್ ಬಂತು.

“ಅಣ್ಣಾ, ಟ್ರ್ಯಾಕ್ಟರ್ ಹಟಾ ಹಿಡದೈತಿ. ಎಲ್ಲಾ ಸಾಲಿಗೂ ಹೊಕ್ಕೈತಿ, ಕೊನೀ ಸಾಲಿಗೆ ಒಲ್ಲೆ ಅಂತೈತಿ.”

“ಟ್ರ್ಯಾಕ್ಟರ್ ಅಂತೈತೋ ನೀ ಅಂತೀಯೋ?”

“ನೀನ ಬಂದು ಅದನ್ನ ಕೇಳು. ಆ ಸಾಲಿನಾಗ ದಾವಣಿ ಬಿದ್ದೈತಿ. ಇವತ್ತ ಔಷಧಿ ಬೀಳಲಿಲ್ಲ ಅಂದ್ರ ನಾಳೆ ಇಡೀ ಪಡ ಹಿಡೀತೈತಿ.”

ದಾವಣಿ ಎಂದರೆ ಈ ಮೋಡದ ದಿನಗಳಲ್ಲಿ ದ್ರಾಕ್ಷಿಗೆ ಬೀಳುವ ರೋಗ. ಎಲೆಯ ಹಿಂದೆ ಬಿಳಿ ಬೂಷ್ಟು ಕಂಡಿತೆಂದರೆ ತಡಮಾಡುವ ಹಾಗಿಲ್ಲ. ನಾನು ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಡೀಸೆಲ್ ಫಿಲ್ಟರ್, ಫ್ಯೂಜು, ಒಂದಿಷ್ಟು ವೈರು ತೆಗೆದುಕೊಂಡು, ಉಪಕರಣದ ಚೀಲ ಹೆಗಲಿಗೆ ಹಾಕಿ ತಿಕೋಟಾ ಬಸ್ಸು ಹತ್ತಿದೆ.

ಪಡದಲ್ಲಿ ನನಗಿಂತ ಮೊದಲೇ ತಿಕೋಟಾದ ಮೆಕ್ಯಾನಿಕ್ ದಸ್ತಗೀರ ಬಂದು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

“ಬರ್ರಿ ಸಾಹೇಬ್ರ, ನಾ ಸೋತೀನಿ. ಬ್ಯಾಟರಿ ಹೊಸಾದು, ಸೆಲ್ಫ್ ಹೊಸಾದು. ಇನ್ನ ಹಳೇದು ಉಳದದ್ದು ಡ್ರೈವರ್ ಒಬ್ಬರ. ಬದಲಿ ಮಾಡೂಣೇನ್ರಿ?”

“ಮೊದ್ಲ ನಿನ್ನ ನಾಲಿಗಿ ಬದಲಿ ಮಾಡ್ಕೋ ದಸ್ತಗೀರ,” ಎಂದಳು ಸುಗಲಾ. ಅವನು ನಗುತ್ತ ಬೈಕು ಹತ್ತಿದ. ಹೋಗುವಾಗ ಮಾತ್ರ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಗಾಡಿಯೊಳಗ ಏನೂ ಇಲ್ರಿ. ನಾ ಮೂರು ಸಲ ನೋಡೀನಿ,” ಎಂದ. ಅದು ನನಗೆ ಸೇರಲಿಲ್ಲ. ಏನೂ ಇಲ್ಲದೆ ಗಾಡಿ ನಿಲ್ಲುವುದಿಲ್ಲ.

ತೊಂದರೆ ಯಾವಾಗ ಶುರುವಾಯಿತು ಎಂದು ಕೇಳುವುದು ನಮ್ಮ ಮೊದಲ ಹಂತ. ಸುಗಲಾ ನೆನಪಿಸಿಕೊಂಡು ಹೇಳಿದಳು: “ನಿಡೋಣಿಯಿಂದ ಮೋಟಾರಿನವರು ಬಂದು ಹಳೇ ಬೋರಿಗೆ ಹೊಸಾ ಮೋಟಾರ್ ಇಳಿಸಿದ್ರಲ್ಲ, ಅದರ ಮರುದಿನದಿಂದ.” ನಾನು ತಲೆಯಾಡಿಸಿದೆ, ಆದರೆ ಆ ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬೋರಿನ ಮೋಟಾರಿಗೂ ಟ್ರ್ಯಾಕ್ಟರಿನ ಇಂಜಿನ್ನಿಗೂ ಏನು ಸಂಬಂಧ?

ಅವಳನ್ನು ಕೂರಿಸಿ ನಡೆಸಲು ಹೇಳಿದೆ. ಅವಳು ಹೇಳಿದಂತೆಯೇ ಆಯಿತು. ಗಾಡಿ ಸಾಲು ಸಾಲಾಗಿ ಸರಾಗ ಓಡಿತು. ಕೊನೆಯ ಸಾಲಿಗೆ ತಿರುಗಬೇಕೆನ್ನುವಾಗ ದೀಪ, ಮೀಟರಿನ ಸಣ್ಣ ಬಲ್ಬು, ಇಂಜಿನ್ ಎಲ್ಲ ಒಮ್ಮೆಲೇ ಹೋದವು. ಡೀಸೆಲ್ ಮುಗಿದ ಗಾಡಿ ಕೆಮ್ಮುತ್ತದೆ, ಜಗ್ಗಾಡುತ್ತದೆ. ಇದು ಹಾಗಲ್ಲ. ಯಾರೋ ಕೀ ತಿರುಗಿಸಿದಂತೆ ನಿಂತಿತು. ಇಬ್ಬರೂ ಸೇರಿ ನಾಲ್ಕು ಹೆಜ್ಜೆ ಹಿಂದಕ್ಕೆ ನೂಕಿದೆವು. ಕೀ ಮುಟ್ಟಿದ್ದೇ ತಡ, ಚಾಲೂ ಆಯಿತು.

ಇದು ವೈರಿನ ದೋಷವೆಂದು ನನಗೆ ಸಮಾಧಾನವಾಯಿತು. ಗಾಡಿಯನ್ನು ಶೆಡ್ಡಿಗೆ ತಂದು ಹಂತಹಂತವಾಗಿ ಬಿಚ್ಚಿದೆ. ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ತಿಂಗ್ ಪಟ್ಟಿಯನ್ನು ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣ ಕೆರೆದು ಬಿಗಿದೆ. ಫ್ಯೂಜು ಬದಲಿಸಿದೆ. ಕೀ ಸ್ವಿಚ್ಚು ಬಿಚ್ಚಿ ಒರೆಸಿದೆ. ಸೀಟಿನ ಕೆಳಗೆ ಒಂದು ಸ್ವಿಚ್ಚು ಇರುತ್ತದೆ, ಚಾಲಕ ಎದ್ದರೆ ಇಂಜಿನ್ ನಿಲ್ಲಿಸುವಂಥದ್ದು; ಅದನ್ನೂ ನೋಡಿದೆ. ಡೀಸೆಲ್ ಫಿಲ್ಟರ್ ಹೊಸದು ಹಾಕಿ, ಪೈಪಿನ ಗಾಳಿ ತೆಗೆದು, ಟ್ಯಾಂಕು ಗಂಟಲಮಟ ತುಂಬಿಸಿದೆ. ಶೆಡ್ಡಿನ ಮುಂದೆ ಗರಗರ ತಿರುಗಿಸಿ, ಗುಂಡಿಯಲ್ಲಿ ಹಾರಿಸಿ ನೋಡಿದೆ. ಇಂಜಿನ್ ಒಮ್ಮೆಯೂ ತಡವರಿಸಲಿಲ್ಲ.

ಕೊನೆಯ ಸಾಲಿನ ಬಾಯಿಗೆ ಬಂತು, ನಿಂತಿತು.

ಆ ಕಡೆ ನೆಲ ಸ್ವಲ್ಪ ಇಳಿಜಾರು. ಇಳಿಜಾರಿಗೆ ಏನೋ ಅಲುಗುತ್ತಿರಬೇಕು ಎಂದುಕೊಂಡು ಸುತ್ತುಹಾಕಿ ಅದೇ ಸಾಲಿನ ಇನ್ನೊಂದು ತುದಿಯಿಂದ ಒಳಹೊಗಿಸಲು ಹೇಳಿದೆ. ಅಲ್ಲಿ ನೆಲ ಏರು. ಅಲ್ಲಿಯೂ ಸಾಲಿನ ಹೊರಗೇ ನಿಂತಿತು. ಸುಗಲಾ ಸೀಟಿನ ಮೇಲೆ ಕೂತು ನನ್ನ ಮುಖ ನೋಡಿದಳು. ಈ ಸಲ ಅವಳು ಚೇಷ್ಟೆ ಮಾಡಲಿಲ್ಲ. ಮೋಡ ಕೆಳಗಿಳಿದು ಪಡದೊಳಗೆ ಹೊತ್ತಿಗೆ ಮುಂಚೆ ಕತ್ತಲಾಗತೊಡಗಿತ್ತು. ಸುತ್ತಲಿನ ಹೊಲಗಳಲ್ಲಿ ಒಂದು ಮನುಷ್ಯನ ಸದ್ದೂ ಇರಲಿಲ್ಲ.

“ಬಿಡು ಅಣ್ಣಾ. ಕೈಪಂಪ್ ಬೆನ್ನಿಗೆ ಹಾಕ್ಕೊಂಡು ನಡಕೋತ ಹೋಗಿ ನಾನ ಹೊಡೀತೀನಿ. ಒಂದು ಸಾಲಿಗೆ ಏನ್ ಮಹಾ,” ಎಂದಳು.

“ತಡಿ. ಇನ್ನೊಂದು ಉಳದೈತಿ,” ಎಂದೆ.

ಉಳಿದದ್ದು ಇದು. ಆ ಇಂಜಿನ್ನಿನಲ್ಲಿ ಡೀಸೆಲ್ ಬಿಡುವ, ಮುಚ್ಚುವ ಒಂದು ಸಣ್ಣ ಕೈ, ಅಂದರೆ ಲಿವರ್ ಇರುತ್ತದೆ. ಕೀ ಹಾಕಿದಾಗ ಬ್ಯಾಟರಿಯ ಕರೆಂಟು ಅದನ್ನು ಎಳೆದು ಹಿಡಿಯುತ್ತದೆ. ಕರೆಂಟು ಹೋದರೆ ಕೈ ಬಿದ್ದು ಡೀಸೆಲ್ ಮುಚ್ಚಿ ಇಂಜಿನ್ ನಿಲ್ಲುತ್ತದೆ. ನಾನು ಅದರ ವೈರನ್ನೇ ಕಿತ್ತು, ಆ ಕೈಯನ್ನು ತೆರೆದ ಸ್ಥಿತಿಯಲ್ಲಿ ತಂತಿಯಿಂದ ಬಿಗಿದು ಕಟ್ಟಿದೆ. ಹೀಗೆ ಕಟ್ಟಿದ ಮೇಲೆ ಬ್ಯಾಟರಿ ಕಿತ್ತು ಬಿಸಾಡಿದರೂ ಇಂಜಿನ್ ಓಡುತ್ತಲೇ ಇರಬೇಕು. ಕೀ ತಿರುಗಿಸಿ ಹೊರತೆಗೆದು ತೋರಿಸಿದೆ. ಕೀ ನನ್ನ ಕೈಯಲ್ಲಿತ್ತು, ಇಂಜಿನ್ ಓಡುತ್ತಿತ್ತು. “ಇನ್ನ ನಿಂತ್ರ ನನ್ನ ಹೆಸರ ಬ್ಯಾರೆ ಇಡು,” ಎಂದೆ.

ಅವಳು ಹತ್ತಿ ಹೊರಟಳು. ನಾನು ಟೆಸ್ಟ್ ಲ್ಯಾಂಪ್ ಹಿಡಿದು ಮುಂದೆ ನಡೆದು ಕೊನೆಯ ಸಾಲಿನ ಮೊದಲ ಕಂಬದ ಹತ್ತಿರ ನಿಂತೆ. ಟೆಸ್ಟ್ ಲ್ಯಾಂಪ್ ಎಂದರೆ ಬೇರೇನಲ್ಲ, ಒಂದು ಸಣ್ಣ ಬಲ್ಬು, ಅದರ ಒಂದು ವೈರಿಗೆ ಕ್ಲಿಪ್ಪು, ಇನ್ನೊಂದಕ್ಕೆ ಉದ್ದನೆಯ ಸೂಜಿ. ಗಾಡಿಯ ಯಾವ ವೈರಿನಲ್ಲಿ ಕರೆಂಟಿದೆ ಎಂದು ನೋಡಲು ಬಳಸುತ್ತೇವೆ.

ಟ್ರ್ಯಾಕ್ಟರ್ ಬಂತು. ತಿರುವು ತೆಗೆದುಕೊಂಡಿತು. ನನ್ನ ಕಣ್ಣೆದುರಿಗೆ ನಿಂತಿತು. ಕೆಮ್ಮಲಿಲ್ಲ, ನಡುಗಲಿಲ್ಲ.

ಅಷ್ಟರಲ್ಲಿ ಹಿಡಿದಿದ್ದ ಜಿಟಿಜಿಟಿ ಮಳೆ ಎಲೆಯ ಮೇಲೆ ಬೀಳುವುದು ಕೇಳುತ್ತಿತ್ತು. ಕೈ ಖಾಲಿ ಮಾಡಿಕೊಳ್ಳಲು ಟೆಸ್ಟ್ ಲ್ಯಾಂಪನ್ನು, ಡಿಪೋದ ರೂಢಿಯಂತೆ ನೆಲಕ್ಕಿಡದೆ, ಆ ಕಬ್ಬಿಣದ ಕಂಬಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಹೋಗಿ ಇಂಜಿನ್ನಿನ ಮುಚ್ಚಳ ಎತ್ತಿದೆ. ನಾನು ಕಟ್ಟಿದ ತಂತಿ ಕಟ್ಟಿದಂತೆಯೇ ಬಿಗಿಯಾಗಿತ್ತು. ಟ್ಯಾಂಕು ತುಂಬಿತ್ತು. ನಿಲ್ಲಲು ಒಂದೇ ಒಂದು ಕಾರಣವೂ ಉಳಿದಿರಲಿಲ್ಲ.

ಸುಗಲಾ ಸಿಟ್ಟಿನಿಂದ ಇಳಿದಳು. “ಏನೈತಿ ಆ ಸಾಲಿನಾಗ, ನಾನ ನೋಡ್ತೀನಿ,” ಎನ್ನುತ್ತ ನನ್ನನ್ನು ದಾಟಿ ಹೋದಳು. ಪಡದ ತಂತಿಗಳು ಎದೆಯ ಮಟ್ಟದಲ್ಲಿ ಇರುತ್ತವೆ. ಒಳಗೆ ಹೋಗುವವರು ಮೊದಲ ಕಂಬವನ್ನು ಕೈಯಿಂದ ಹಿಡಿದು, ಬಗ್ಗಿ ನುಸುಳುವುದು ವಾಡಿಕೆ. ಗೊಲ್ಲಾಳಪ್ಪನೂ ಹಾಗೇ ಮಾಡುತ್ತಿದ್ದ. ಅವಳು ಕೈ ಚಾಚಿದಳು.

ಆಗ ದೂರದ ಶೆಡ್ಡಿನ ದೀಪ ಹತ್ತಿತು. ಹಿಂದೆಯೇ ಹಳೇ ಬೋರಿನ ಮೋಟಾರ್ ಗುಂಯ್ ಎಂದಿತು. ತ್ರೀ ಫೇಸ್ ಕರೆಂಟ್ ಬಂದಿತ್ತು. ನಮ್ಮ ಕಡೆ ಸ್ಟಾರ್ಟರಿಗೆ ಆಟೋ ಹಾಕಿ ಬಿಟ್ಟಿರುತ್ತಾರೆ. ಕರೆಂಟ್ ಬಂದೊಡನೆ ಮೋಟಾರ್ ತಾನೇ ಚಾಲೂ ಆಗುತ್ತದೆ. ಆ ವಾರ ಹೊಲಗಳಿಗೆ ಕರೆಂಟ್ ಬಿಡುವ ರಾತ್ರಿಯ ಪಾಳಿ ಸಂಜೆಗೆ ಬದಲಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಮತ್ತು ಕಂಬಕ್ಕೆ ತೂಗುಬಿಟ್ಟ ನನ್ನ ಟೆಸ್ಟ್ ಲ್ಯಾಂಪ್ ಹೊತ್ತಿಕೊಂಡಿತು.

ಯಾವ ಬ್ಯಾಟರಿಗೂ ಸೇರಿಸದ ಲ್ಯಾಂಪ್. ಅದರ ಸೂಜಿ ಜೋತುಬಿದ್ದು ಒದ್ದೆ ಮಣ್ಣಿಗೆ ಚುಚ್ಚಿಕೊಂಡಿತ್ತು. ಕಂಬದಿಂದ ಮಣ್ಣಿಗೆ ಕರೆಂಟ್ ಹರಿಯುತ್ತಿದೆ ಎಂದು ಅರ್ಥವಾಗಲು ನನಗೆ ಯೋಚನೆ ಬೇಕಾಗಲಿಲ್ಲ. ಅವಳ ಹೆಸರು ಕೂಗಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

“ಹೋ…!”

ನಾನು ಪೇಟೆಯಲ್ಲಿ ಬೆಳೆದವನು. ಜೀವಮಾನದಲ್ಲಿ ಎತ್ತಿನ ಹಗ್ಗ ಹಿಡಿದವನಲ್ಲ, ಆ ಶಬ್ದ ಆಡಿದವನೂ ಅಲ್ಲ. ಸುಗಲಾ ಕೈ ಚಾಚಿದ್ದಲ್ಲೇ ಕಲ್ಲಾಗಿ ನಿಂತಳು. ಬೆರಳಿಗೂ ಕಂಬಕ್ಕೂ ಒಂದು ಗೇಣು ಇದ್ದೀತು. ಬಲ್ಬು ಬೆಳ್ಳಗೆ ಉರಿದು ಪಟ್ಟೆಂದು ಸಿಡಿಯಿತು.

ಓಡಿಹೋಗಿ ಶೆಡ್ಡಿನ ಮೇನ್ ಸ್ವಿಚ್ಚು ಕೆಳಗೆ ಎಳೆದೆ, ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡೆ. ಟಾರ್ಚ್ ತಂದು ಇಬ್ಬರೂ ಆ ಸಾಲನ್ನು ತುದಿಯಿಂದ ತುದಿಗೆ ನೋಡಿದೆವು. ಶೆಡ್ಡಿನಿಂದ ಬೋರಿಗೆ ಹೋಗುವ ಕೇಬಲ್ಲನ್ನು ನೆಲದಲ್ಲಿ ಹೂಳದೆ, ಕೊನೆಯ ಸಾಲಿನ ತಂತಿಯ ಗುಂಟವೇ ಕಟ್ಟಿಕೊಂಡು ಒಯ್ದಿದ್ದರು. ನಮ್ಮ ಕಡೆ ಎಷ್ಟೋ ಪಡಗಳಲ್ಲಿ ಹಾಗೆ ಮಾಡುತ್ತಾರೆ. ನೆಲದಲ್ಲಿ ಹಾಕಿದರೆ ಸಲಿಕೆ ತಾಗುತ್ತದೆ ಎಂದು. ಹೊಸ ಮೋಟಾರ್ ಇಳಿಸಿದವರು ಹಳೇ ಕೇಬಲ್ಲನ್ನೇ ಜೋಡಿಸಿದ್ದರು. ಸಾಲಿನ ನಡುವೆ ಎಲೆಗಳ ಮರೆಯಲ್ಲಿ ಒಂದು ಜಾಯಿಂಟ್ ಸಿಕ್ಕಿತು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಬಟ್ಟೆಯಿಂದ ತಂತಿಗೆ ಬಿಗಿದು ಕಟ್ಟಿದ್ದು. ಟ್ಯೂಬು ಬಿಸಿಲಿಗೆ ಸೀಳಿ ಬಾಯಿ ಬಿಟ್ಟಿತ್ತು. ಒಣ ಹವೆಯಲ್ಲಿ ಏನೂ ಆಗುವುದಿಲ್ಲ. ನೀರು ಇಳಿದರೆ ಆ ಸಾಲಿನ ತಂತಿ, ಕಂಬ ಎಲ್ಲದಕ್ಕೂ ಕರೆಂಟ್.

ಸುಗಲಾ ಟಾರ್ಚನ್ನು ಆ ಬಟ್ಟೆಯ ಮೇಲೆಯೇ ಹಿಡಿದಿದ್ದಳು.

“ಇದು ನನ್ನ ಇಳಕಲ್ ಸೀರಿ ಅಂಚು,” ಎಂದಳು. “ಗಂಟೂ ಅವರದ. ಎತ್ತಿನ ಕೊರಳಿಗೆ ಹಿಂಗ ಹಾಕ್ತಿದ್ರು.”

ಅವಳ ಮನಸ್ಸು ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು, ನನ್ನದೂ ಅಲ್ಲಿಗೇ ಹೋಗಿತ್ತು. ಜಿಟಿಜಿಟಿ ಮಳೆ, ಸಂಜೆ, ಮೊದಲ ಕಂಬದ ಬುಡ, ಅದೇ ದಿನ ಸುಟ್ಟ ಮೋಟಾರ್.

“ಡಾಕ್ಟರ್ ಹಾರ್ಟ್ ಅಂದಿದ್ರು,” ಎಂದಳು.

“ಹೂಂ,” ಎಂದೆ.

ಮನೆಗೆ ಬಂದು ಅವಳು ಚಹಾ ಇಟ್ಟಳು. ಸಕ್ಕರೆ ಹಾಕುವುದನ್ನು ಮರೆತಳು, ನಾನೂ ಕೇಳದೆ ಕುಡಿದೆ. ನಾನು ಇನ್ನೂ ಇಂಜಿನ್ನಿನ ಬಗ್ಗೆಯೇ ಯೋಚಿಸುತ್ತಿದ್ದೆ. ತಂತಿಯಲ್ಲಿ ಕರೆಂಟ್ ಇದ್ದಾಗ ಟ್ರ್ಯಾಕ್ಟರ್ ನಿಂತಿದ್ದರೆ ಏನಾದರೂ ಒಂದು ಕಾರಣ ಕಟ್ಟಬಹುದಿತ್ತು. ಆದರೆ ಅದು ನಿಂತಾಗಲೆಲ್ಲ ತಂತಿಯಲ್ಲಿ ಕರೆಂಟೇ ಇರಲಿಲ್ಲ. ಇದನ್ನೇ ಅವಳಿಗೆ ಹೇಳುತ್ತಿದ್ದೆ. ಅವಳು ಬೇರೇನೋ ಕೇಳಿದಳು.

“ಅಣ್ಣಾ, ಗಾಡಿ ಹತ್ರ ಇದ್ದವ ನೀ ಒಬ್ಬನ ಅಲ್ಲ?”

“ಮತ್ತ್ಯಾರಿದ್ರು?”

“ನೀ ಒದರಿದ್ದು ಎರಡನೇದು,” ಎಂದಳು. “ಮೊದಲನೇದಕ್ಕ ನಾ ನಿಂತಿದ್ದೆ. ಸಾಲಿನ ಒಳಗಿಂದ ಬಂತು.”

ನಾನು ಕೇಳಿದ್ದು ನನ್ನ ದನಿ ಒಂದನ್ನೇ. ಡಿಪೋದ ಇಂಜಿನ್‌ಗಳ ನಡುವೆ ಇದ್ದು ನನ್ನ ಕಿವಿ ಮೊದಲಿನಷ್ಟು ಚುರುಕಿಲ್ಲ ಎಂಬುದು ನಿಜ. ಗಾಬರಿಯಲ್ಲಿ ನನ್ನ ಕೂಗೇ ಅವಳಿಗೆ ಎರಡು ಸಲ ಕೇಳಿರಬಹುದು ಎಂಬುದೂ ನಿಜ. ಇವೆರಡನ್ನೂ ಅವಳಿಗೆ ಹೇಳಿದೆ. ಅವಳು ಲೋಟ ತೊಳೆಯಲು ಎದ್ದು ಹೋದಳು.

ಮರುದಿನ ಬೆಳಕು ಹರಿಯುತ್ತಲೇ ಆ ಕೇಬಲ್ಲನ್ನು ಪೂರ್ತಿ ಕಿತ್ತು ಹೊರಗೆ ಎಸೆದೆ. ಇಂಜಿನ್ನಿಗೆ ಏನೂ ಮಾಡಲಿಲ್ಲ. ತಂತಿ ಕಟ್ಟಿದ ಹಾಗೆಯೇ ಇತ್ತು. ಈ ಸಲ ನಾನೇ ಹತ್ತಿದೆ, ಸುಗಲಾ ಹಿಂದೆ ನಡೆದು ಬಂದಳು. ಗಾಡಿ ಕೊನೆಯ ಸಾಲಿನ ಬಾಯಿಗೆ ಬಂತು, ತಿರುಗಿತು, ತಡೆಯಿಲ್ಲದೆ ಒಳಗೆ ಹೋಯಿತು. ಔಷಧಿ ಹೊಡೆದು ಆ ತುದಿ ದಾಟಿ ಶೆಡ್ಡಿಗೆ ಬಂದೆವು. ಆ ವರ್ಷ ಪಡ ಉಳಿಯಿತು. ಅಂದಿನಿಂದ ಇಂದಿನವರೆಗೆ ಆ ಟ್ರ್ಯಾಕ್ಟರ್ ಒಮ್ಮೆಯೂ ತಾನಾಗಿ ನಿಂತಿಲ್ಲ. ದಸ್ತಗೀರನನ್ನು ಕೇಳಿದೆ, ಡಿಪೋದ ನನ್ನ ಹಳೆಯ ಜೊತೆಗಾರರನ್ನು ಕೇಳಿದೆ. ಕೈ ಕಟ್ಟಿದ, ಟ್ಯಾಂಕು ತುಂಬಿದ ಇಂಜಿನ್ ಹೇಗೆ ನಿಂತಿತು ಎಂದು ಯಾರೂ ಹೇಳಲಿಲ್ಲ.

ಒಂದು ಮಾತು ಉಳಿಯಿತು. ಆ ಬೆಳಿಗ್ಗೆ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಲು ಕೀ ತಿರುಗಿಸಿದೆ. ಇಂಜಿನ್ ಓಡುತ್ತಲೇ ಇತ್ತು. ನಿಲ್ಲಬಾರದೆಂದು ನಾನೇ ಕಟ್ಟಿದ್ದೆನಲ್ಲ. ಸುಗಲಾ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ನಗೆಯಿರಲಿಲ್ಲ.

“ಹೋ ಅನ್ನು,” ಎಂದಳು. “ನಿಂದ್ರತೈತಿ.”

ಒಂದು ಶಬ್ದ. ಅದನ್ನು ಹೇಳಿ ನೋಡಿದ್ದರೆ ಏನೂ ಆಗುತ್ತಿರಲಿಲ್ಲ, ಇಂಜಿನ್ ಓಡುತ್ತಲೇ ಇರುತ್ತಿತ್ತು, ನನ್ನ ಮನಸ್ಸಿನ ಭಾರವೂ ಇಳಿಯುತ್ತಿತ್ತು. ಬಾಯಿ ತನಕ ಬಂದಿತ್ತು ಕೂಡ. ನಾನು ಅನ್ನಲಿಲ್ಲ. ಇಳಿದು, ಪಕ್ಕಡ ತೆಗೆದುಕೊಂಡು, ಕಟ್ಟಿದ ತಂತಿ ಬಿಚ್ಚಿದೆ.